ಎಂಟು ಹೊಡೆದು ಏಳು ತೋರಿದ ಗಡಿಯಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯಲು ಎರಡು ದಾರಿಗಳಿದ್ದವು. ಕಣ್ಣು ಕಾಣುವವರು ಗೋಡೆ ಗಡಿಯಾರದ ಮುಳ್ಳು ನೋಡುತ್ತಿದ್ದರು. ಕಣ್ಣು ಪೂರ್ತಿ ಮಂಜಾಗಿದ್ದ ಅಜ್ಜಿ, ಅದೇ ಗಡಿಯಾರ ಹೊಡೆಯುವ ಗಂಟೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದಳು. ಎರಡು ದಾರಿಗಳೂ ಒಂದೇ ಕಡೆಗೆ ಹೋಗಿ ಸೇರುತ್ತಿದ್ದವು. ಒಂದೇ ಒಂದು ದಿನ ಸೇರಲಿಲ್ಲ, ಮತ್ತು ಅದಕ್ಕೆ ಕಾರಣ ನಾನು. ಮೊಮ್ಮಕ್ಕಳ ಮುಂದೆ ತಾತಂದಿರಾದ ನಾವು ನಮ್ಮ ಜಾಣತನದ ಕಥೆಗಳನ್ನೇ ಹೇಳಿ ಹೇಳಿ ಹಾಳಾಗಿದ್ದೇವೆ. ಇವತ್ತು ಬೇರೆ ಥರದ್ದೊಂದನ್ನು ಹೇಳುತ್ತೇನೆ.

ಆಗ ಈ ಊರನ್ನು ಮದ್ರಾಸು ಅನ್ನುತ್ತಿದ್ದೆವು. ನಾವಿದ್ದದ್ದು ಕೋಡಂಬಾಕ್ಕಂನಲ್ಲಿ, ಒಂದು ಮಹಡಿ ಮನೆಯ ಕೆಳಗಿನ ಭಾಗದಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನಲ್ಲಿ. ಮಹಡಿಯ ಮೇಲೆ ಮನೆಯ ಒಡತಿ ಮಾಮಿ. ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ಹಸಿರು ಬಾವುಟ, ಕೆಂಪು ಬಾವುಟ, ಒಂದು ಭಾರದ ಪೆಟ್ಟಿಗೆ ಹೊತ್ತು ಜೋಲಾರಪೇಟೆಯ ಕಡೆಗೆ ಹೋದರೆ ಒಮ್ಮೊಮ್ಮೆ ಎರಡು ದಿನ ಬಿಟ್ಟು ಬರುತ್ತಿದ್ದರು. ಬಂದವರು ಮೊದಲು ಕಾಲು ತೊಳೆಯುತ್ತಿದ್ದರು, ಆಮೇಲೆ ಕೈಗಡಿಯಾರ ನೋಡುತ್ತಿದ್ದರು, ಆಮೇಲೆ ಗೋಡೆ ಗಡಿಯಾರ ನೋಡುತ್ತಿದ್ದರು. ಎರಡೂ ಒಂದೇ ಹೇಳಿದರೆ ಮಾತ್ರ ಅವರ ಮುಖ ಸಡಿಲವಾಗಿ, ಕಾಫಿ ಕೇಳುತ್ತಿದ್ದರು.

ಆ ಗಡಿಯಾರ ಮೊಳಕ್ಕಿಂತ ಉದ್ದವಿತ್ತು. ಕಂದು ಮರದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಹಿತ್ತಾಳೆಯ ಲೋಲಕ. ಬಿಳಿ ಮುಖದ ಮೇಲೆ ಎರಡು ತೂತುಗಳಿದ್ದವು. ಒಂದು ತೂತಿಗೆ ಕೀಲಿ ಕೊಟ್ಟರೆ ಮುಳ್ಳು ನಡೆಯುತ್ತಿತ್ತು, ಇನ್ನೊಂದಕ್ಕೆ ಕೊಟ್ಟರೆ ಗಂಟೆ ಹೊಡೆಯುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಸ್ಟೂಲಿನ ಮೇಲೆ ನಿಂತು ಕೀಲಿ ಕೊಡುತ್ತಿದ್ದರು. ಬಾಗಿಲು ತೆರೆದ ಕೂಡಲೇ ಒಳಗಿನಿಂದ ಎಣ್ಣೆಯ, ಹಳೆಯ ಮರದ ವಾಸನೆ ಬರುತ್ತಿತ್ತು. ನಾನು ಕೆಳಗೆ ಸ್ಟೂಲು ಹಿಡಿದು ನಿಲ್ಲುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಅಧಿಕಾರ ನನಗಿರಲಿಲ್ಲ.

ಬೇರೆ ಮನೆಗಳಲ್ಲಿ ಗಡಿಯಾರವನ್ನು ಐದು ನಿಮಿಷ, ಹತ್ತು ನಿಮಿಷ ಮುಂದಿಡುತ್ತಿದ್ದರು. ಅಪ್ಪನಿಗೆ ಅದು ಹಿಡಿಸುತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ದಿನವೆಲ್ಲ ಸುಳ್ಳು ಹೇಳಿಸಿಕೊಳ್ಳುವುದು ಯಾವ ಬುದ್ಧಿವಂತಿಕೆ ಎನ್ನುತ್ತಿದ್ದರು. ನಮ್ಮ ಗಡಿಯಾರ ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ ಎಂಬುದು ಬೀದಿಗೇ ಗೊತ್ತಿತ್ತು. ಮಹಡಿಯ ಮಾಮಿ ಮೆಟ್ಟಿಲ ಮೇಲಿಂದ ಬಗ್ಗಿ, “ಮಣಿ ಎನ್ನಡಾ ಆಚ್ಚು?”, ಗಂಟೆ ಎಷ್ಟಾಯಿತೋ ಎಂದು ನನ್ನನ್ನೇ ತಮಿಳಿನಲ್ಲಿ ಕೇಳುತ್ತಿದ್ದರು. ಅಪ್ಪ ನಮಗೆಲ್ಲ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದರು: ಗಡಿಯಾರ ನಿಂತುಹೋದರೂ ಪರವಾಗಿಲ್ಲ, ಮುಳ್ಳನ್ನು ಯಾರೂ ಹಿಂದಕ್ಕೆ ತಿರುಗಿಸಕೂಡದು. ಯಾಕೆ ಅಂತ ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅಜ್ಜಿಗೆ ಆ ಗಂಟೆಯೇ ದಿನದ ಲೆಕ್ಕ. ಇಷ್ಟು ಹೊಡೆದರೆ ಕಣ್ಣಿಗೆ ಔಷಧಿ, ಇಷ್ಟು ಹೊಡೆದರೆ ಹಾಲು, ಇಷ್ಟು ಹೊಡೆದರೆ ಜಪ. ಎಣಿಸಿ ಮುಗಿಸಿದ ಮೇಲೆ ಪಕ್ಕದಲ್ಲಿ ನಾನಿದ್ದರೆ, “ಆರು ತಾನೇ ಮಗು?” ಎಂದು ಕೇಳುತ್ತಿದ್ದಳು. ನಾನು ಮುಳ್ಳು ನೋಡಿ, ಹೌದು ಆರೇ ಎನ್ನುತ್ತಿದ್ದೆ. ಅವಳು ತಪ್ಪಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ತಪ್ಪಿಲ್ಲವೆಂದು ಗೊತ್ತಿದ್ದೇ ಕೇಳುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಮೊಮ್ಮಗನ ಬಾಯಿಂದ ಹೌದು ಅನ್ನಿಸಿಕೊಳ್ಳುವುದು ಅವಳಿಗೆ ಇಷ್ಟವಿತ್ತು.

ಇನ್ನು ಅಕ್ಕ. ಅಕ್ಕನಿಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತಿದ್ದಳು. ಊಟಕ್ಕೆ ಕೂತರೂ ಅವಳ ಎಡಗೈ ಬೆರಳುಗಳು ಟೈಪ್ ಹೊಡೆಯುವಂತೆ ನೆಲದ ಮೇಲೆ ಕುಣಿಯುತ್ತಿದ್ದವು. ಬಂದರಿನ ಹತ್ತಿರ ಪ್ಯಾರೀಸ್ ಎಂಬ ಪೇಟೆಯ ಒಂದು ಇನ್ಶೂರೆನ್ಸ್ ಕಚೇರಿಯಿಂದ ಅವಳಿಗೆ ಪರೀಕ್ಷೆಗೆ ಬರುವಂತೆ ಕಾಗದ ಬಂದಿತ್ತು. ನಮ್ಮ ವಂಶದಲ್ಲಿ ಹೆಣ್ಣುಮಗಳೊಬ್ಬಳು ಕಚೇರಿಗೆ ಹೋದದ್ದೇ ಇರಲಿಲ್ಲ. ಮೈಸೂರಿನ ಕಡೆಯಿಂದ ಗಂಡು ನೋಡುವ ಮಾತುಗಳು ಆಗಲೇ ಶುರುವಾಗಿದ್ದವು. ಅಪ್ಪ ಒಂದು ವಾರ ಯೋಚಿಸಿ, ಒಂದು ಸಲ ಬರೆದು ನೋಡಲಿ, ಆದರೆ ಕೆಲಸ, ಆಗದಿದ್ದರೆ ಮದುವೆ ಎಂದಿದ್ದರು. ಅಕ್ಕ ಆ ಕಾಗದವನ್ನು ಸೀರೆಗಳ ಮಡಿಕೆಯೊಳಗೆ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಓದುತ್ತಿದ್ದಳು. ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಅದರಲ್ಲಿತ್ತು. ಎಂಟಕ್ಕೆ ಮನೆ ಬಿಟ್ಟರೆ ಒಂಬತ್ತಕ್ಕೆ ಅಲ್ಲಿರಬಹುದು ಎಂಬುದು ಅವಳ ಲೆಕ್ಕ.

ಪರೀಕ್ಷೆಯ ಹಿಂದಿನ ದಿನ ಅಪ್ಪ ಡ್ಯೂಟಿಗೆ ಹೋಗಿದ್ದರು. ಅಕ್ಕ ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಕೊನೆಯ ಅಭ್ಯಾಸಕ್ಕೆ ಹೋಗಿದ್ದಳು. ಅಮ್ಮ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೊರಟವಳು, ಆರು ಗಂಟೆಗೆ ಸರಿಯಾಗಿ ಮನೆಯಲ್ಲಿರಬೇಕು, ಅಜ್ಜಿ ಒಬ್ಬಳೇ ಇರುತ್ತಾಳೆ, ದೀಪ ಹಚ್ಚು ಎಂದು ನನಗೆ ಹೇಳಿ ಹೋದಳು. ನಾನು ಹೂಂ ಎಂದು ಸೀದಾ ಸಿನಿಮಾ ಸ್ಟುಡಿಯೋ ಕಡೆಗೆ ಓಡಿದೆ.

ಕೋಡಂಬಾಕ್ಕಂನ ಹುಡುಗರಿಗೆ ಸ್ಟುಡಿಯೋ ಗೋಡೆಯ ಬಿರುಕುಗಳೆಲ್ಲ ಬಾಯಿಪಾಠ. ಅವತ್ತು ಒಳಗೆ ಕನ್ನಡ ಸಿನಿಮಾದ ಶೂಟಿಂಗ್. ಹಲಗೆಯ ಅರಮನೆಗೆ ಬಡಗಿಗಳು ಮೊಳೆ ಹೊಡೆಯುತ್ತಿದ್ದರು, ಹಸಿ ಬಣ್ಣದ ವಾಸನೆ ಬೀದಿಯವರೆಗೂ ಬರುತ್ತಿತ್ತು. ಕಿರೀಟ ಇಟ್ಟುಕೊಂಡ ರಾಜ ಮಡಿಸುವ ಕುರ್ಚಿಯ ಮೇಲೆ ಕೂತು ಬೀಡಿ ಸೇದುತ್ತಾ, “ಕಾಫಿಗೆ ಸಕ್ಕರೆ ಸಾಲದಪ್ಪ” ಎಂದು ನಮ್ಮ ಮನೆಯ ಭಾಷೆಯಲ್ಲೇ ಹೇಳಿದ. ಬೀದಿಯಲ್ಲೆಲ್ಲ ತಮಿಳು ಕೇಳಿ ಬೆಳೆದ ನನಗೆ ಅದೊಂದು ಹಬ್ಬ. ಕಾರ್ತಿಕದ ಮೋಡದ ದಿನ, ಕತ್ತಲಾದದ್ದೇ ತಿಳಿಯಲಿಲ್ಲ.

ಉಸಿರು ಬಿಡುತ್ತಾ ಮನೆಗೆ ಬಂದಾಗ ಗಡಿಯಾರ ಆರೂ ನಲವತ್ತು ತೋರಿಸುತ್ತಿತ್ತು. ಅಜ್ಜಿ ಅಡುಗೆಮನೆಯ ದೇವರ ಗೂಡಿನ ಮುಂದೆ ಜಪಕ್ಕೆ ಕೂತಿದ್ದಳು. ಅಮ್ಮ ಬಂದಿರಲಿಲ್ಲ. ಈಗಲೋ ಆಗಲೋ ಬರುತ್ತಾಳೆ, ಗಡಿಯಾರ ನೋಡುತ್ತಾಳೆ, ಬೀದಿಯ ದೂಳು ಮೆತ್ತಿದ ನನ್ನ ಕಾಲು ನೋಡುತ್ತಾಳೆ. ನಾಳೆಯಿಂದ ಸ್ಟುಡಿಯೋ ಬಂದ್. ನಾನು ಸ್ಟೂಲು ಎಳೆದು ಹತ್ತಿದೆ. ಗಾಜಿನ ಬಾಗಿಲು ತೆರೆದೆ. ಉದ್ದ ಮುಳ್ಳಿನ ತುದಿಗೆ ಬೆರಳಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಅದು ಒಳಗೆಲ್ಲೋ ಕಟಕಟ ಎಂದು, ಹಿಂದಕ್ಕೆ ಬಂತು. ಆರಕ್ಕೆ ಐದು ನಿಮಿಷ ಇರುವಾಗ ಬಿಟ್ಟೆ. ಮುಕ್ಕಾಲು ಗಂಟೆ ಕದ್ದಿದ್ದೆ, ಎಷ್ಟು ಸುಲಭವಾಗಿತ್ತೆಂದರೆ ಡಬ್ಬಿಯಿಂದ ಕೊಬ್ಬರಿ ಕದಿಯುವುದು ಅದಕ್ಕಿಂತ ಕಷ್ಟ. ಅಮ್ಮ ಬಂದು ನೋಡಿದ ಮೇಲೆ ಮತ್ತೆ ಮುಂದಕ್ಕೆ ತಳ್ಳಿಬಿಟ್ಟರಾಯಿತು ಎಂದುಕೊಂಡೆ.

ದೀಪ ಹಚ್ಚಿ ಕೂತೆ. ಐದು ನಿಮಿಷಕ್ಕೆ ಮುಳ್ಳು ಹನ್ನೆರಡಕ್ಕೆ ಬಂತು. ಗಡಿಯಾರ ಆರು ತೋರಿಸುತ್ತಿತ್ತು, ಏಳು ಹೊಡೆಯಿತು.

ಅಪ್ಪ ಹೇಳದೆ ಬಿಟ್ಟಿದ್ದ ಕಾರಣ ಇದು. ಆ ಗಡಿಯಾರದೊಳಗೆ ಮುಳ್ಳಿನ ಚಕ್ರಗಳು ಬೇರೆ, ಗಂಟೆಯ ಚಕ್ರಗಳು ಬೇರೆ. ಉದ್ದ ಮುಳ್ಳು ಹನ್ನೆರಡಕ್ಕೆ ಬಂದಾಗ ಹೊಡೆ ಎಂದು ಸೂಚನೆ ಸಿಗುತ್ತದೆ, ಅಷ್ಟೇ. ಎಷ್ಟು ಹೊಡೆಯಬೇಕೆಂಬುದನ್ನು ಗಂಟೆಯ ಚಕ್ರ ತಾನೇ ಇಟ್ಟುಕೊಂಡಿರುತ್ತದೆ. ಆರು ಹೊಡೆದಾಗಿದೆ, ಇನ್ನು ಏಳು. ಮುಳ್ಳು ಹಿಂದೆ ಬಂದದ್ದು ಅದಕ್ಕೆ ಗೊತ್ತೇ ಇಲ್ಲ. ಮುಳ್ಳಿನ ಕೈಲಿ ಸುಳ್ಳು ಹೇಳಿಸಬಹುದು, ಗಂಟೆಯ ಕೈಲಿ ಆಗದು.

ಅಮ್ಮ ಬಂದಾಗ ಗಡಿಯಾರದಲ್ಲಿ ಆರೂ ಹತ್ತು. ಅವಳು ನೋಡಿ ಸುಮ್ಮನಾದಳು. ಅಷ್ಟರಲ್ಲಿ ಅಜ್ಜಿ ಹೊರಬಂದು, ಏಳು ಹೊಡೆದು ಎಷ್ಟು ಹೊತ್ತಾಯಿತು, ಹುಡುಗಿ ಇನ್ನೂ ಬಂದಿಲ್ಲವೇ ಎಂದಳು. ಈಗಿನ್ನೂ ಆರೂ ಹತ್ತು ಅತ್ತೆ, ಎಂದಳು ಅಮ್ಮ. ಅಜ್ಜಿ ಒಪ್ಪಲಿಲ್ಲ. ನನ್ನ ಕಡೆ ಮುಖ ತಿರುಗಿಸಿ, “ಏಳು ತಾನೇ ಮಗು?” ಎಂದಳು.

ಆರೇ ಹೊಡೆದದ್ದು ಎಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ನಾನು ಅಜ್ಜಿಯ ಕಣ್ಣು ಮುಚ್ಚಿದೆ ಎಂದುಕೊಂಡು ಕುಡಿದವನು.

ಅಜ್ಜಿ ಗಡಿಯಾರದ ಕೆಳಗಿನ ತನ್ನ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಊಟದವರೆಗೂ ಅಲ್ಲಿಂದ ಏಳಲಿಲ್ಲ. ಅವಳು ಅಲ್ಲಿರುವಾಗ ಗಾಜಿನ ಬಾಗಿಲು ತೆರೆಯುವುದೆಂದರೆ ಅವಳ ಕಿವಿಯಲ್ಲಿ ಕೂಗಿ ಹೇಳಿದಂತೆ. ಗಂಟೆ ಪ್ರತಿ ಸಲ ತಪ್ಪಾಗಿ ಹೊಡೆದಾಗಲೂ ನಾನು ಬೆಚ್ಚುತ್ತಿದ್ದೆ. ಅಮ್ಮನಿಗಾಗಲಿ, ಅಷ್ಟರಲ್ಲಿ ಬಂದ ಅಕ್ಕನಿಗಾಗಲಿ ಅದು ಗಮನಕ್ಕೇ ಬರಲಿಲ್ಲ. ಕಣ್ಣಿದ್ದವರು ಗಂಟೆ ಎಣಿಸುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಸರಿ ಮಾಡೋಣ ಎಂದು ಕಾದೆ. ಒಂಬತ್ತು ವರ್ಷದ ಹುಡುಗ ಎಷ್ಟು ಹೊತ್ತು ಕಾಯುತ್ತಾನೆ, ನಿದ್ದೆ ಬಂದುಬಿಟ್ಟಿತು.

ಬೆಳಿಗ್ಗೆ ಎಚ್ಚರವಾದಾಗ ಹಿತ್ತಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು. ಇವತ್ತು ನಲ್ಲಿಯಲ್ಲಿ ಎಷ್ಟು ಬೇಗ ನೀರು ಬಂತು ಎಂದು ಅಮ್ಮ ಆಶ್ಚರ್ಯಪಡುತ್ತಿದ್ದಳು. ಬೇಗ ಬಂದಿರಲಿಲ್ಲ. ಹೊರಗೆ ಮೋಡ, ಬಿಸಿಲಿನ ಸುಳಿವಿಲ್ಲ. ಅಕ್ಕ ಎದ್ದು ತಲೆಗೆ ನೀರು ಹಾಕಿಕೊಂಡಿದ್ದಳು, ಸೀಗೆಪುಡಿಯ ವಾಸನೆ ಮನೆಯೆಲ್ಲ ತುಂಬಿತ್ತು. ಇಸ್ತ್ರಿ ಮಾಡಿದ ಹಸಿರು ಅಂಚಿನ ಸೀರೆ ಕುರ್ಚಿಯ ಮೇಲಿತ್ತು. ನಾನು ಹಾಸಿಗೆಯಲ್ಲೇ ಕೂತು ಗಡಿಯಾರ ನೋಡಿದೆ. ಏಳಾಗುತ್ತಾ ಬಂದಿತ್ತು. ಅಂದರೆ ನಿಜವಾದ ಹೊತ್ತು ಅದಕ್ಕಿಂತ ಮುಕ್ಕಾಲು ಗಂಟೆ ಮುಂದೆ. ಆ ಲೆಕ್ಕ ನನಗೆ ಬರುತ್ತಿತ್ತು. ಬರುತ್ತಿರಲಿಲ್ಲ ಎಂದು ಹೇಳಿದರೆ ಈಗ ಇನ್ನೊಂದು ಸುಳ್ಳಾಗುತ್ತದೆ.

ಗಡಿಯಾರ ಎಂಟು ಹೊಡೆಯಿತು.

ಅಜ್ಜಿ ಗೋಡೆ ಹಿಡಿದುಕೊಂಡು ಎದ್ದಳು. “ಎಂಟು ಹೊಡೀತು ಕಣೇ. ನೀನಿನ್ನೂ ಹೊರಡಲಿಲ್ವಾ?” ಎಂದು ಕೂಗಿದಳು. ಅಕ್ಕ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಓಡಿಬಂದಳು. ಮುಳ್ಳು ನೋಡಿದಳು, ಏಳು. ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಎಣಿಕೆ ತಪ್ಪಿದ್ದನ್ನು ಅವಳೂ ಕಂಡಿರಲಿಲ್ಲ. ಒಂದು ಕ್ಷಣ ಅನುಮಾನಿಸಿ ನನ್ನ ಕಡೆ ತಿರುಗಿದಳು.

“ಎಷ್ಟೋ ಹೊಡೀತು? ನೀನು ಕೇಳಿಸ್ಕೊಂಡ್ಯಲ್ಲ.”

ಅಲ್ಲೇ ಹೇಳಬಹುದಿತ್ತು. ಒಂದು ಏಟು ಬೀಳುತ್ತಿತ್ತು, ಸಂಜೆ ಅಪ್ಪನಿಂದ ಇನ್ನೊಂದು. ಅದರ ಜೊತೆಗೆ ನಿನ್ನೆ ಸಂಜೆಯ ಸುಳ್ಳೂ ಹೊರಬೀಳುತ್ತಿತ್ತು. ನನಗೆ ಅದರದ್ದೇ ಹೆಚ್ಚು ಭಯ.

“ಏಳೇ ಅಕ್ಕ,” ಎಂದೆ. “ಅಜ್ಜಿಗೆ ನಿನ್ನೆಯಿಂದ ಲೆಕ್ಕ ತಪ್ತಿದೆ.”

ಅಕ್ಕನ ಮುಖ ಹಗುರವಾಯಿತು. ಅಜ್ಜಿ ಮತ್ತೆ ಕೂತಳು. ವಯಸ್ಸಾಯಿತು, ಕಿವಿಯೂ ಹೋಯಿತು ಅಂತ ಕಾಣುತ್ತೆ, ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಅಕ್ಕ ನಿಧಾನವಾಗಿ ಜಡೆ ಮುಗಿಸಿ ಕನಕಾಂಬರ ಮುಡಿದಳು. ಎರಡು ದೋಸೆ ತಿಂದವಳಿಗೆ ಅಮ್ಮ ಇನ್ನೊಂದು ಹಾಕಿದಳು, ಹೊತ್ತಿದೆಯಲ್ಲ ಎಂದಳು. ದೇವರಿಗೆ ನಮಸ್ಕಾರ ಮಾಡಿ, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕೆನ್ನೆಯನ್ನೂ ಒಮ್ಮೆ ಹಿಂಡಿದಳು. ನಾನು ಗೋಡೆಗೆ ಒರಗಿ ಮುಳ್ಳನ್ನೇ ನೋಡುತ್ತಿದ್ದೆ. ಎಂಟಕ್ಕೆ ಸರಿಯಾಗಿ ಅಕ್ಕ ಚಪ್ಪಲಿ ಮೆಟ್ಟಿದಳು. ಹಿಂದೆ ಗಡಿಯಾರ ಒಂಬತ್ತು ಹೊಡೆಯುತ್ತಿತ್ತು. ಈ ಸಲ ಅಜ್ಜಿ ಎಣಿಸಲಿಲ್ಲ.

ಮಧ್ಯಾಹ್ನದೊಳಗೆ ಅಕ್ಕ ವಾಪಸ್ಸು ಬಂದಳು. ಸೀರೆಯ ಅಂಚಿಗೆ ಕೆಸರು ಹಾರಿತ್ತು. ಕೋಡಂಬಾಕ್ಕಂ ಸ್ಟೇಷನ್ನಿನ ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷವಿತ್ತಂತೆ. ಅದನ್ನು ನೋಡಿಯೂ ಅವಳು ಗಾಬರಿಯಾಗಲಿಲ್ಲವಂತೆ; ಅಪ್ಪನ ಗಡಿಯಾರ ತಪ್ಪುವುದು ಸಾಧ್ಯವಿಲ್ಲ, ಇದೇ ಕೆಟ್ಟಿರಬೇಕು ಎಂದುಕೊಂಡಳಂತೆ. ರೈಲಿನಲ್ಲಿ ಪಕ್ಕದವರ ಕೈಗಡಿಯಾರ ನೋಡಿದ ಮೇಲೆ ತಪ್ಪಿದ್ದು ನಮ್ಮದೇ ಎಂದು ಅವಳಿಗೆ ಗೊತ್ತಾಯಿತು. ಬೀಚ್ ಸ್ಟೇಷನ್ನಿನಿಂದ ಓಡಿದಳು. ಬಾಗಿಲು ಹಾಕಿತ್ತು. ಕಾವಲಿನವನು ಕನಿಕರದಿಂದಲೇ ಆಗದು ಎಂದ. ಹೊರಗೆ ನಿಂತಿದ್ದಾಗ ಒಳಗೆ ಅಷ್ಟೂ ಟೈಪ್‌ರೈಟರುಗಳು ಒಟ್ಟಿಗೆ ಶುರುವಾದದ್ದು ಕೇಳಿಸಿತು ಎಂದಳು.

ಅಪ್ಪ ಸಂಜೆ ಬಂದರು. ಕಾಲು ತೊಳೆದು ಒಳಗೆ ಬರುವುದಕ್ಕೂ ಗಡಿಯಾರ ಹೊಡೆಯುವುದಕ್ಕೂ ಸರಿಹೋಯಿತು. ಮುಳ್ಳು ಐದರ ಮೇಲಿತ್ತು, ಆರು ಹೊಡೆಯಿತು. ಅವರ ಕೈಗಡಿಯಾರದಲ್ಲಿ ಆರಕ್ಕೆ ಕಾಲು ಗಂಟೆ ಇತ್ತು. ಅಪ್ಪ ಅಲ್ಲೇ ನಿಂತರು. ಅಮ್ಮ ಬೆಳಗಿನ ಕಥೆಯನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿ, ಗಡಿಯಾರ ತಾನಾಗಿ ಹಿಂದೆ ಬಿದ್ದದ್ದಲ್ಲ, ಯಾರೋ ಮುಳ್ಳು ಹಿಂದಕ್ಕೆ ತಿರುಗಿಸಿದ್ದಾರೆ, ಹಾಗೆ ಮಾಡಿದರೆ ಮಾತ್ರ ಗಂಟೆ ಮುಂದೆ ಹೋಗುತ್ತದೆ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೆರಳನ್ನು ಚಡ್ಡಿಯ ಜೇಬಿನೊಳಗೆ ತೂರಿಸಿದೆ.

ಮೊದಲು ಮಾತಾಡಿದವಳು ಅಜ್ಜಿ. “ಹಾಗಾದ್ರೆ ನಾನು ಎಣಿಸಿದ್ದು ಸರಿಯಾಗೇ ಇತ್ತೇನೋ?”

“ಸರಿಯಾಗೇ ಇತ್ತಮ್ಮ,” ಎಂದರು ಅಪ್ಪ. “ನಿನ್ನ ಮಾತು ಕೇಳಿದ್ದಿದ್ರೆ ಇವಳು ಬೇಗಾನೇ ಹೋಗಿ ಸೇರ್ತಿದ್ಲು.”

ಅಜ್ಜಿಯ ಮುಖ ಒಂದು ಕ್ಷಣ ಅರಳಿತು. ಆಮೇಲೆ ಅವಳು ಯೋಚಿಸಿದಳು. “ಮತ್ತೆ ಮಗು ಏಳೇ ಅಂದ್ನಲ್ಲ?” ಎಂದಳು. ನನ್ನನ್ನು ಹಿಡಿದುಕೊಡಬೇಕೆಂದು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ನಾನೇ ತಿರುಗಿಸಿದ್ದು ಎಂದೆ. ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ, ಯಾರೂ ಹೊಡೆಯಲಿಲ್ಲ. ಕಣ್ಣು ತೆರೆದಾಗ ಅಕ್ಕ ನನ್ನೆದುರು ಕುಕ್ಕರುಗಾಲಲ್ಲಿ ಕೂತಿದ್ದಳು.

“ಬೆಳಿಗ್ಗೆ ನಾನು ಕೇಳ್ದಾಗ ಗೊತ್ತಿತ್ತಾ ನಿಂಗೆ?”

ಗೊತ್ತಿತ್ತು ಎಂದು ತಲೆಯಾಡಿಸಿದೆ.

“ಈ ಗಡಿಯಾರದ ಏಳೂವರೆಗಾದ್ರೂ ಹೇಳಿದ್ದಿದ್ರೆ ಓಡಿಯಾದ್ರೂ ಹೋಗ್ತಿದ್ನಲ್ಲೋ,” ಎಂದಳು. ಅಷ್ಟೇ. ಎದ್ದು ಹೋಗಿ ಸೀರೆಯ ಕೆಸರು ಒಗೆಯಲು ಕೂತಳು.

ತಪ್ಪಾಯಿತು ಎಂದು ಅವಳ ಹಿಂದೆ ಮುಂದೆ ತಿರುಗಿ ಹೇಳಿದೆ. ಇರಲಿ ಬಿಡೋ ಎಂದಳು. ಅಪ್ಪ ತಮ್ಮ ಮಾತು ಸಡಿಲಿಸಿ, ಇನ್ನೊಂದು ಸಲ ಬರೆಯಲಿ ಎಂದರು. ಆದರೆ ಅಂಥ ಪರೀಕ್ಷೆಗೆ ಮತ್ತೆ ಕರೆ ಬರುವಷ್ಟರಲ್ಲಿ ಮೈಸೂರಿನ ಗಂಡು ನಿಶ್ಚಯವಾಗಿ ಅಕ್ಕ ಹೊರಟುಹೋದಳು. ಚೆನ್ನಾಗಿಯೇ ಬಾಳಿದಳು, ಈಗಲೂ ಗಟ್ಟಿಯಾಗಿದ್ದಾಳೆ. ಅವಳು ಕಚೇರಿಗೆ ಹೋಗದೆ ಉಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವಳ ಮನೆಗೆ ಹೋದಾಗ ಊಟದೆಲೆಯ ಪಕ್ಕದಲ್ಲಿ ಆ ಎಡಗೈ ಕಣ್ಣಿಗೆ ಬಿದ್ದರೆ ಬೇರೆ ಕಡೆ ನೋಡುತ್ತೇನೆ.

ಅಜ್ಜಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೆಲ್ಲದ ಚೂರು ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ಗಂಟೆ ಹೊಡೆದ ಮೇಲೆ ನಾನು ಪಕ್ಕದಲ್ಲೇ ಕೂತಿದ್ದರೂ ಕುತ್ತಿಗೆ ಎತ್ತಿ ಮಹಡಿಯ ಮಾಮಿಯನ್ನು ಕೂಗಿ, ತನಗೆ ಬರುತ್ತಿದ್ದ ನಾಲ್ಕು ತಮಿಳು ಮಾತಿನಲ್ಲಿ, ಆರು ತಾನೇ ಎಂದು ಕೇಳುತ್ತಿದ್ದಳು. ಮಾಮಿಗೆ ಗಡಿಯಾರವೇ ಇರಲಿಲ್ಲ. ಅವರು ಕೆಳಗೆ ಇಳಿದುಬಂದು, ನನ್ನ ತಲೆಯ ಮೇಲಿನಿಂದ ನಮ್ಮದನ್ನೇ ನೋಡಿ ಹೇಳಿ ಹೋಗುತ್ತಿದ್ದರು.

ಈಗ ನಾನು ಅಡ್ಯಾರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಗೋಡೆಯ ಮೇಲೆ ಗಡಿಯಾರವಿಲ್ಲ, ಆದರೆ ಎತ್ತ ನೋಡಿದರೂ ಹೊತ್ತು ಕಾಣುತ್ತದೆ. ಓವನ್ನಿನ ಮೇಲೆ, ಟೀವಿಯ ಪೆಟ್ಟಿಗೆಯ ಮೇಲೆ, ಎಲ್ಲರ ಫೋನಿನಲ್ಲಿ, ಮೊಮ್ಮಗನ ಕೈಗೆ ಕಟ್ಟಿದ ಪಟ್ಟಿಯಲ್ಲಿ, ಬರೀ ಅಂಕಿಗಳು. ಯಾರೂ ಕೀಲಿ ಕೊಡಬೇಕಾಗಿಲ್ಲ, ಎಲ್ಲವೂ ಒಂದೇ ನಿಮಿಷವನ್ನು ಹೇಳುತ್ತವೆ. ಒಂದನ್ನು ಬೆರಳಿನಿಂದ ಹಿಂದೆ ತಳ್ಳಿದರೂ ಮಿಕ್ಕವು ಕೂಡಲೇ ಹಿಡಿದುಕೊಡುತ್ತವೆ. ಒಳ್ಳೆಯದೇ ಆಯಿತು. ಈ ಮನೆಯ ಯಾವ ಹುಡುಗಿಯೂ ನನ್ನಂಥ ತಮ್ಮನಿಂದ ಪರೀಕ್ಷೆ ಕಳೆದುಕೊಳ್ಳುವುದಿಲ್ಲ.

ಮೊನ್ನೆ ಮೊಮ್ಮಗಳಿಗೆ ಶಾಲೆಯಲ್ಲಿ ಗಡಿಯಾರದ ಪಾಠ. ಪುಸ್ತಕದ ದುಂಡನೆಯ ಚಿತ್ರದಲ್ಲಿ ಎಂಟಕ್ಕೆ ಕಾಲು ಗಂಟೆ ಇರುವಂತೆ ಮುಳ್ಳು ಬರೆಯಬೇಕಿತ್ತು. ಅವಳಿಗೆ ಏಳು ನಲವತ್ತೈದು ಎಂದರೆ ಗೊತ್ತು, ಎಂಟಕ್ಕೆ ಕಾಲು ಎಂದರೆ ಗೊತ್ತಿಲ್ಲ. ನಾನು ಬರೆದು ತೋರಿಸುತ್ತಾ ಈ ಕಥೆಯನ್ನೆಲ್ಲ ಹೇಳಿದೆ. ಮೊಮ್ಮಗ ಫೋನು ಕೆಳಗಿಟ್ಟು ಕೇಳಿದ. ಮುಗಿದ ಮೇಲೆ, “ಅವಂಗಕಿಟ್ಟ ಸಾರಿ ಸೊನ್ನೀಂಗಳಾ ತಾತಾ?” ಎಂದು ತಮಿಳಿನಲ್ಲಿ ಕೇಳಿದ, ಅವರಿಗೆ ಸಾರಿ ಹೇಳಿದಿರಾ ಎಂದು. ಅವತ್ತೇ ಹೇಳಿದೆ ಕಣೋ ಎಂದೆ. ಹಾಗಾದರೆ ಮುಗಿಯಿತಲ್ಲ ಎನ್ನುವಂತೆ ಅವನು ಮತ್ತೆ ಫೋನು ಎತ್ತಿಕೊಂಡ.

ನಿಮ್ಮ ಈ ಅಂಕಿಗಳ ಗಡಿಯಾರದಲ್ಲಿ ಏಳು ಇರುತ್ತದೆ, ಒಂದಿಷ್ಟು ಹೊತ್ತಿನ ಮೇಲೆ ನೋಡಿದರೆ ಎಂಟು ಇರುತ್ತದೆ. ನಡುವೆ ಏನಾಯಿತೆಂದು ಅದು ತೋರಿಸುವುದಿಲ್ಲ. ನಮ್ಮ ಮನೆಯಲ್ಲೂ ಅಂಥದ್ದೇ ಇದ್ದಿದ್ದರೆ, ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬರಬಹುದಿತ್ತು. ಆದರೆ ಆ ಬೆಳಿಗ್ಗೆ ಅಕ್ಕ ದೋಸೆ ತಿನ್ನುತ್ತಿದ್ದಾಗ ಉದ್ದ ಮುಳ್ಳು ಹನ್ನೆರಡರಿಂದ ಹೊರಟು, ಮೂರು ದಾಟಿ, ಕೆಳಗಿಳಿದು ಆರು ಮುಟ್ಟಿ, ಮತ್ತೆ ಮೇಲೆ ಹತ್ತಿ ಹನ್ನೆರಡಕ್ಕೆ ಬಂದು ನಿಂತಿತು. ಒಂದು ಪೂರ್ತಿ ಸುತ್ತು, ಅರವತ್ತು ಗೆರೆ. ನಾನು ಗೋಡೆಗೆ ಒರಗಿಕೊಂಡು ಒಂದು ಗೆರೆಯನ್ನೂ ಬಿಡದೆ ನೋಡಿದ್ದೇನೆ.